ಎಂಟು ಮನೆಗೆ ಒಂದೇ ಪರದೆ

2010ನೇ ಇಸವಿ. ಆಗ ನಾವು ದಾಂಡೇಲಿಯಲ್ಲಿ ಮಿಲ್ಲಿನ ಕ್ವಾರ್ಟರ್ಸಿನಲ್ಲಿದ್ದೆವು. ನನ್ನ ಯಜಮಾನರು ಕಾಗದದ ಮಿಲ್ಲಿನಲ್ಲಿ ಮಷಿನ್ ಮೇಲೆ ಕೆಲಸಕ್ಕಿದ್ದರು. ನಮ್ಮ ಲೈನಿನಲ್ಲಿ ಎಂಟು ಮನೆ. ಎಂಟಕ್ಕೂ ಒಂದೇ ಅಳತೆಯ ಹಾಲ್, ಒಂದೇ ಅಳತೆಯ ಕಿಟಕಿ, ಒಂದೇ ಬಣ್ಣದ ಗೋಡೆ. ಕಣ್ಣಿಗೆ ಬಟ್ಟೆ ಕಟ್ಟಿ ಯಾವ ಮನೆಯೊಳಗೆ ಬಿಟ್ಟರೂ ಕೈ ನೇರವಾಗಿ ಉಪ್ಪಿನ ಡಬ್ಬಿಗೆ ಹೋಗುತ್ತಿತ್ತು. ನಮ್ಮದು ಐದನೆಯ ಮನೆ. ಕಸ್ತೂರಕ್ಕನದು ಮೂರನೆಯದು. ನನ್ನ ತವರು ಬೈಲಹೊಂಗಲದ ಕಡೆ, ಅವಳದು ಧಾರವಾಡದ ಹತ್ತಿರದ ಒಂದು ಹಳ್ಳಿ. ನನಗಿಂತ ಮೂರು ವರ್ಷ ದೊಡ್ಡವಳು. ಇಪ್ಪತ್ತು ವರ್ಷ ಒಬ್ಬರ ಬಾಗಿಲಲ್ಲಿ ಒಬ್ಬರು ಕೂತು ಅಕ್ಕಿ ಆರಿಸಿದವರು ನಾವು.

ಮನೆಯನ್ನು ಚೆಂದ ಕಾಣುವಂತೆ ಇಟ್ಟುಕೊಳ್ಳಬೇಕೆಂಬ ಹುಚ್ಚು ನನಗೆ ಮೊದಲಿನಿಂದಲೂ ಇತ್ತು. ಟೀವಿಯಲ್ಲಿ ಧಾರಾವಾಹಿ ನೋಡುವಾಗ ಅತ್ತೆ ಸೊಸೆಯ ಜಗಳ ಬಿಟ್ಟು ಅವರ ಬೆನ್ನ ಹಿಂದಿನ ಪರದೆ ನೋಡುತ್ತಿದ್ದವಳು ನಾನು. ಆದರೆ ನಮ್ಮ ಕಿಟಕಿಗೆ ಇದ್ದದ್ದು ಹಳೆಯ ವಾಯಿಲ್ ಸೀರೆ. ನೆಲಕ್ಕೆ ಮಿಲ್ಲಿನ ಫೆಲ್ಟ್. ಕಾಗದದ ಮಷಿನ್ನಿನಲ್ಲಿ ಸವೆದು ತೆಗೆದುಹಾಕಿದ ದಪ್ಪನೆಯ ಉಣ್ಣೆಯಂಥ ಬಟ್ಟೆ ಅದು. ನಮ್ಮ ಲೈನಿನಲ್ಲಿ ಹಾಸುವುದಕ್ಕೂ ಅದೇ, ಹೊದೆಯುವುದಕ್ಕೂ ಅದೇ.

ಆ ವರ್ಷ ನಮ್ಮ ಲೈನಿನಲ್ಲಿ ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳು ನಾಲ್ವರು. ನನ್ನ ಮಗಳು ವಿದ್ಯಾ, ಕಸ್ತೂರಕ್ಕನ ಮಗಳು ಶೋಭಾ ಇಬ್ಬರೂ ಅದರೊಳಗೇ. ಹುಡುಗಿ ನೋಡಲು ಬರುತ್ತಾರೆ ಅಂದರೆ ಸಾಕು, ಒಂದನೇ ಮನೆಯಿಂದ ಚಾದರ, ಎರಡನೆಯದರಿಂದ ಟೇಬಲ್ ಬಟ್ಟೆ, ಏಳನೆಯದರಿಂದ ಕಪ್ಪುಬಸಿ ಎಂದು ಓಡಾಟ. ಒಬ್ಬರ ಮನೆ ತುಂಬಲು ಏಳು ಮನೆ ಬರಿದಾಗುತ್ತಿತ್ತು. ಅಷ್ಟು ಮಾಡಿಯೂ ಒಂದಕ್ಕೊಂದು ಬಣ್ಣ ಕೂಡುತ್ತಿರಲಿಲ್ಲ. ಒಂದು ದಿನ ನಾನೇ ಬಾಯಿ ಬಿಟ್ಟೆ.

"ಎಲ್ಲಾರೂ ಕೂಡಿ ಒಂದು ಚಲೋ ಸೆಟ್ ತರೂಣು. ಪರದಾ, ದಿವಾನ್ ಹೊದಿಕಿ, ಕುಶನ್ನು. ಯಾರ ಮನಿಗೆ ಬರ್ತಾರ ಅವರ ಮನ್ಯಾಗ ಹಾಕೂಣು. ಕಿಡಕಿ ಅಂತೂ ಎಲ್ಲಾರದೂ ಒಂದ ಅಳತಿ."

ಎಲ್ಲರೂ ಒಪ್ಪಿದರು. ಕೊಳ್ಳುವ ಕೆಲಸ ನನ್ನ ಮತ್ತು ಕಸ್ತೂರಕ್ಕನ ತಲೆಗೆ ಬಂತು. ನಾನು ಚೀಲ ಹೊಲಿಯುವ ದಾರ ತಂದು ನಮ್ಮ ಕಿಟಕಿಗೆ ಹಿಡಿದು ಉದ್ದಕ್ಕೊಂದು ಗಂಟು, ಅಗಲಕ್ಕೊಂದು ಗಂಟು ಹಾಕಿದೆ. ಎಂಟು ಮನೆಗೆ ಆ ಒಂದು ದಾರ ಸಾಕಾಯಿತು. ಬೆಳಗಿನ ಬಸ್ಸು ಹಿಡಿದು ಹಳಿಯಾಳದ ಮೇಲೆ ಹುಬ್ಬಳ್ಳಿಗೆ ಹೋದೆವು.

ಅಂಗಡಿಗೆ ಗಾಜಿನ ಬಾಗಿಲು. ಒಳಗೆ ಥಂಡಿ ಗಾಳಿ, ಹೊಸ ಬಟ್ಟೆಯ ವಾಸನೆ. ಕಸ್ತೂರಕ್ಕ ಹೊರಗೇ ಚಪ್ಪಲಿ ಬಿಟ್ಟಳು. ಕಾವಲಿನವನು "ಹಂಗ ಬರ್ರಿ ಅಕ್ಕಾರ, ನಡಿತೈತಿ" ಅಂದರೂ ಕೇಳಲಿಲ್ಲ. "ಇಷ್ಟ ಫಳಫಳ ಹೊಳೆಯೋ ನೆಲಾನ ತುಳಿಯಾಕ ಮನಸ್ಸ ಬರೂದಿಲ್ಲಪಾ" ಅಂದು ಬರಿಗಾಲಲ್ಲೇ ಒಳಗೆ ಬಂದಳು. ಅಂಗಡಿಯ ಹುಡುಗ ಕುತ್ತಿಗೆಗೆ ಟೇಪು ಹಾಕಿಕೊಂಡು ಎದುರು ಬಂದ.

"ಬರ್ರಿ ಮೇಡಂ. ಹೊಸಾ ಮನಿಗೇನ್ರಿ?"

"ಎಂಟು ಮನಿಗ್ರಿ" ಅಂದೆ ನಾನು.

ಅವನ ಮುಖ ಅರಳಿದ್ದು ನೋಡಬೇಕಿತ್ತು. ಎಂಟು ಮನೆ ಒಟ್ಟಿಗೆ ಕಟ್ಟಿಸಿದ ಯಾರೋ ದೊಡ್ಡ ಕುಳ ಅಂದುಕೊಂಡಿರಬೇಕು. ಮೆತ್ತನೆಯ ಸೋಫಾದ ಮೇಲೆ ಕೂಡಿಸಿದ, ಚಹಾ ತರಿಸಿದ, ಎದುರಿಗೆ ಬಟ್ಟೆಯ ಮಾದರಿಗಳ ಪುಸ್ತಕ ಹರವಿದ.

"ಹಾಲ್‌ನ್ಯಾಗ ಥೀಮ್ ಏನ ಇಟ್ಕೊಂಡೀರಿ ಮೇಡಂ?"

ಕಸ್ತೂರಕ್ಕ ತಡಮಾಡದೆ ಹೇಳಿದಳು: "ಟೀವಿ ಇಟ್ಕೊಂಡೀವ್ರಿ, ಒಂದ ಮಂಚ, ಎರಡ ಕುರ್ಚಿ."

ಬಣ್ಣದ ಮೇಲೆ ನಮ್ಮಿಬ್ಬರಿಗೂ ಜಗಳವೇ ಆಯಿತು. ನನಗೆ ಧಾರಾವಾಹಿಯಲ್ಲಿ ಕಂಡ ಕ್ರೀಮ್ ಬಣ್ಣವೇ ಆಗಬೇಕಿತ್ತು. ಅವಳು ಮರೂನ್ ಬಿಟ್ಟು ಕದಲಲಿಲ್ಲ.

"ಕ್ರೀಮ್ ಬ್ಯಾಡ ಸುಮಿತ್ರಾ. ಒಂದ ಕಪ್ ಚಹಾ ಚೆಲ್ಲಿದರ ಮುಗೀತು ಅದರ ಕತಿ."

"ನಿನಗ ಬಣ್ಣದ ಸುದ್ದಿ ಏನ ಗೊತ್ತಕ್ಕಾ? ಮರೂನ್ ಹಾಕಿದರ ಹಾಲ್ ಕತ್ತಲಿ ಕೋಣಿ ಆಗತೈತಿ."

ಅರ್ಧ ತಾಸು ಎಳೆದಾಡಿ ಕೊನೆಗೆ ಮೂರು ಪರದೆ ಮತ್ತು ದಿವಾನ್ ಹೊದಿಕೆ ಅವಳ ಮರೂನ್, ಅದರ ಮೇಲೆ ಬಂಗಾರದ ಬಣ್ಣದ ಎಲೆ. ಐದು ಕುಶನ್ನು ನನ್ನ ಕ್ರೀಮ್. ನೆಲಕ್ಕೆ ಹಾಸಲು ಕಾರ್ಪೆಟ್ ತೋರಿಸಿದಾಗ ಕಸ್ತೂರಕ್ಕ ಬೆರಳಲ್ಲಿ ಹಿಸುಕಿ ನೋಡಿ, "ಇದಕ್ಕಿಂತ ನಮ್ಮ ಫೆಲ್ಟ ಚಲೋ ಐತಿ ಬಿಡು" ಅಂದಳು. ಹುಡುಗ ಪೆನ್ನು ಹಿಡಿದು, "ಹಂಗಾದರ ಎಂಟು ಸೆಟ್ ಬರಕೊಳ್ಳಲೇನ್ರಿ?" ಎಂದು ಕೇಳಿದ.

"ಒಂದ ಸೆಟ್ ರೀ" ಅಂದೆ.

"ಎಂಟ ಮನಿ ಅಂದ್ರಲ್ರಿ?"

"ಹೌದ್ರೀ. ಎಂಟೂ ಮನಿಗೆ ಕೂಡಿ ಒಂದು."

ಅವನು ನನ್ನ ಮುಖ ನೋಡಿದ, ಅವಳ ಮುಖ ನೋಡಿದ, ಖಾಲಿಯಾದ ಚಹಾದ ಕಪ್ಪು ನೋಡಿದ. ಆಮೇಲೆ ನಗು ತಡೆಯಲಾಗದೆ ತಾನೇ ಕೂತು ಎಲ್ಲವನ್ನೂ ಕಟ್ಟಿಕೊಟ್ಟ. ವಾಪಸು ಬರುವಾಗ ಬಸ್ಸಿನಲ್ಲಿ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹಳಿಯಾಳ ಬರುವವರೆಗೂ ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ನನ್ನ ಜೀವನದಲ್ಲಿ ಅಷ್ಟು ಸುಖವಾಗಿ ಯಾವ ಸಾಮಾನನ್ನೂ ಕೊಂಡಿಲ್ಲ.

ಸೆಟ್ಟು ನಮ್ಮ ಮನೆಯ ಟ್ರಂಕಿನಲ್ಲಿ ಉಳಿಯಿತು. ಕೀಲಿ ನನ್ನ ಹತ್ತಿರ. ಬಳಸಿದವರು ಒಗೆದು, ಇಸ್ತ್ರಿ ಮಾಡಿಸಿ ತಂದುಕೊಡಬೇಕೆಂದು ಕಟ್ಟಳೆ ಮಾಡಿದವಳೂ ನಾನೇ. ಕೀಲಿ ಸೊಂಟಕ್ಕೆ ಬಂದ ಮೇಲೆ ನನ್ನ ನಡಿಗೆಯೇ ಬದಲಾಯಿತು ಎಂದು ಯಜಮಾನರು ಆಡಿಕೊಳ್ಳುತ್ತಿದ್ದರು. ಮೊದಲ ಎರಡು ಮನೆಯಲ್ಲಿ ಪರದೆ ಹಾಕಿದಾಗ ಎರಡೂ ಕಡೆ ಸಂಬಂಧ ಕೂಡಿತು. ಪರದೆಯ ಕಾಲ್ಗುಣ ಒಳ್ಳೆಯದು ಎಂದು ಲೈನಿನ ಹೆಂಗಸರೆಲ್ಲ ಮಾತಾಡಿಕೊಂಡರು.

ಮರುವರ್ಷ ಸಂಕ್ರಾಂತಿ ಕಳೆದ ಮೇಲೆ ಶೋಭಾಳನ್ನು ನೋಡಲು ಬಂದರು. ಸಾಂಬ್ರಾಣಿ ಕಡೆಯ ಒಕ್ಕಲುತನದ ಮನೆ. ಹುಡುಗ ಹಳಿಯಾಳದಲ್ಲಿ ಹೈಸ್ಕೂಲ್ ಮಾಸ್ತರ. ನಡುವೆ ನಿಂತು ಸಂಬಂಧ ತಂದವನು ಮುರಿಗೆಪ್ಪ ಕಾಕಾ, ಮಿಲ್ಲಿನಿಂದ ನಿವೃತ್ತನಾದವನು. ಅವತ್ತು ನಾನು ಬೈಲಹೊಂಗಲಕ್ಕೆ ಹೋಗಿದ್ದೆ. ಎಲ್ಲವೂ ಚೆನ್ನಾಗಿ ನಡೆಯಿತಂತೆ. ಆದರೆ ಹುಡುಗನ ತಾಯಿಯ ಕೈಯಿಂದ ಕಪ್ಪು ಜಾರಿ ಒಂದು ಕುಶನ್ನಿನ ಮೇಲೆ ಚಹಾ ಚೆಲ್ಲಿತ್ತು. ಹದಿನೈದು ದಿನದ ಮೇಲೆ ಮುರಿಗೆಪ್ಪ ಕಾಕಾ ಸುದ್ದಿ ತಂದ. ಹುಡುಗಿ ಹುಡುಗನಿಗಿಂತ ಎರಡು ಬೆರಳು ಎತ್ತರವಂತೆ, ಆದ್ದರಿಂದ ಬೇಡವಂತೆ.

ಮರುದಿನ ಕಸ್ತೂರಕ್ಕ ಸೆಟ್ಟನ್ನು ಮಡಚಿ ತಂದುಕೊಟ್ಟಳು. ಕುಶನ್ನಿನ ಮೇಲೆ ಅಂಗೈಯಗಲದ ಕಂದು ಕಲೆ.

"ಲಿಂಬಿಹಣ್ಣ ಹಚ್ಚಿ ತಿಕ್ಕಿದೆ, ಸೋಡಾ ಹಾಕಿದೆ, ಹೋಗಲಿಲ್ಲವಾ" ಅಂದಳು.

"ನೋಡಿ ಕೊಡಬೇಕಿತ್ತಲ್ಲಕ್ಕಾ ಕಪ್ಪು" ಅಂದೆ ನಾನು.

ಅವಳು ಸೆಟ್ಟನ್ನು ಮಂಚದ ಮೇಲಿಟ್ಟು ಹೋದಳು. ಮಗಳನ್ನು ಬೇಡ ಅಂದ ಮರುದಿನ ನಾನು ಅವಳ ಹತ್ತಿರ ಕುಶನ್ನಿನ ಲೆಕ್ಕ ಕೇಳಿದ್ದೆ. ನೆನೆದರೆ ಇಂದಿಗೂ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ತಿಂಗಳೊಪ್ಪತ್ತಿನಲ್ಲಿ ಮುರಿಗೆಪ್ಪ ಕಾಕಾ ನಮ್ಮ ಮನೆಗೆ ಬಂದ. "ಅದ ಮಾಸ್ತರ ಹುಡುಗಗ ನಿಮ್ಮ ವಿದ್ಯಾನ್ನ ಹೇಳೀನಿ. ಎತ್ತರ ಸರಿಯಾಗಿ ಹೊಂದತೈತಿ. ಬರೂ ಐತವಾರ ನೋಡಾಕ ಬರ್ತಾರಂತ" ಅಂದ. ಹುಡುಗ ಒಳ್ಳೆಯವನು, ನೌಕರಿ ಇದೆ, ಮನೆತನ ಒಳ್ಳೆಯದು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಯಜಮಾನರು ಮಾತ್ರ ಒಂದೇ ಮಾತು ಹೇಳಿದರು.

"ಮೊದಲ ಹೋಗಿ ಕಸ್ತೂರಕ್ಕಗ ಹೇಳು. ಬಾಕಿದ್ದು ಆಮ್ಯಾಲೆ."

ಹೇಳುತ್ತೇನೆ ಅಂದೆ. ದಿನಾ ಮೂರನೇ ಮನೆಯ ತನಕ ಹೋಗುತ್ತಿದ್ದೆ. ಶೋಭಾ ಬಾಗಿಲಲ್ಲಿ ಕೂತು ರವಿಕೆಗೆ ಗುಂಡಿ ಹಚ್ಚುತ್ತಿರುತ್ತಿದ್ದಳು. "ಬರ್ರಿ ಚಿಗವ್ವಾ" ಅನ್ನುತ್ತಿದ್ದಳು. ನಾನು ಮೊಸರು ಹೆಪ್ಪಿಗೆ ಬಂದೆ, ಕರಿಬೇವಿಗೆ ಬಂದೆ ಎಂದು ಏನೋ ಒಂದು ಹೇಳಿ ವಾಪಸು ಬರುತ್ತಿದ್ದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರೇ ಹೇಳಿದ್ದಾರಲ್ಲ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಶನಿವಾರ ಕಸ್ತೂರಕ್ಕನೇ ಕೇಳಿದಳು, ಟ್ರಂಕು ತೆಗೆದದ್ದನ್ನು ಯಾರೋ ನೋಡಿ ಹೇಳಿದ್ದರು.

"ಯಾರ ಬರಾಕತ್ತಾರ?"

"ಬೆಳಗಾವಿ ಕಡಿಯವರಕ್ಕಾ. ನಮ್ಮ ತವರಿನವರ ಗುರುತಿನವರು."

"ಚಲೋ ಆತಲ್ಲ! ನೀ ಒಬ್ಬಾಕಿ ಏನೇನ ಮಾಡ್ತಿ? ನಾ ಬಂದು ಒಳಗಿಂದ ನೋಡ್ಕೋತೇನಿ, ನೀ ಹೊರಗ ಬಂದವರನ್ನ ನೋಡ್ಕೊ."

ಬೇಡ ಅನ್ನಲು ಯಾವ ಕಾರಣವೂ ಹೊಳೆಯಲಿಲ್ಲ. ಬಂದರೂ ಒಳಗೇ ಇರುತ್ತಾಳೆ, ಅರ್ಧ ತಾಸಿನಲ್ಲಿ ಅವರು ಹೋಗುತ್ತಾರೆ ಎಂದುಕೊಂಡೆ. ಐತವಾರ ಮಧ್ಯಾಹ್ನ ಶೋಭಾ ಹೊಲಿಗೆ ಕ್ಲಾಸಿಗೆ ಹೋಗುತ್ತಾಳೆಂದು ಗೊತ್ತಿತ್ತು. ಅದನ್ನು ನೋಡಿಯೇ ಮುರಿಗೆಪ್ಪ ಕಾಕಾನಿಗೆ ಮೂರು ಗಂಟೆಗೆ ಕರೆತಾ ಎಂದು ಹೇಳಿದ್ದೆ.

ಉಳಿದದ್ದು ಪರದೆಯ ಚಿಂತೆ. ಒಮ್ಮೆ ನೋಡಿಹೋದ ಪರದೆಯನ್ನೇ ಮತ್ತೆ ತೂಗುಹಾಕಿದರೆ ಗುರುತು ಹಿಡಿಯುತ್ತಾರೆ. ಹಾಕದೆ ಹಳೆಯ ಸೀರೆ ಬಿಡಲು ನನ್ನ ಜಂಬ ಒಪ್ಪಲಿಲ್ಲ. ಯೋಚನೆ ಮಾಡಿ ಮಾಡಿ ಒಂದು ಉಪಾಯ ಕಂಡುಕೊಂಡೆ. ಪರದೆಯ ಒಳಮೈಯನ್ನು ಹೊರಗೆ ಮಾಡಿ ಹಾಕಿದೆ, ದಿವಾನ್ ಹೊದಿಕೆಯನ್ನು ಟ್ರಂಕಿನಲ್ಲೇ ಬಿಟ್ಟೆ. ಒಳಮೈ ಮಸುಕು ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಎಲೆಗಳು ಅಷ್ಟಾಗಿ ಕಾಣುತ್ತಿರಲಿಲ್ಲ. ಕಲೆಯಾದ ಕುಶನ್ನನ್ನು ಮಗುಚಿ ಇಟ್ಟೆ. ವಿದ್ಯಾ ಜಡೆ ಹಾಕಿಕೊಳ್ಳುತ್ತಾ ಇದನ್ನೆಲ್ಲ ನೋಡುತ್ತಿದ್ದಳು.

"ಅವ್ವಾ, ಶೋಭಕ್ಕನ್ನ ನೋಡಾಕ ಬಂದವರ ಅಲ್ಲೇನು ಇವರು? ದೊಡ್ಡವ್ವಗ ಹೇಳೀಯೇನು?"

"ನೀ ಸುಮ್ಮನ ಜಡಿ ಹಾಕ್ಕೊ" ಎಂದು ಗದರಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಆಗಿತ್ತು ನನ್ನ ಸ್ಥಿತಿ.

ಮೂರು ಗಂಟೆಗೆ ಜೀಪು ಬಂತು. ಹುಡುಗ, ಅವನ ತಾಯಿ, ಸೋದರಮಾವ, ಜೊತೆಗೆ ಮುರಿಗೆಪ್ಪ ಕಾಕಾ. ತಾಯಿ ದೊಡ್ಡ ಮೈಕಟ್ಟಿನ ಹೆಂಗಸು. ಹಣೆಯ ತುಂಬ ವಿಭೂತಿ, ಇಳಕಲ್ ಸೀರೆ, ಹೊಲದ ಈ ತುದಿಯಿಂದ ಆ ತುದಿಗೆ ಕೇಳುವಂಥ ದನಿ. ಕಸ್ತೂರಕ್ಕ ಅಡುಗೆಮನೆಯಲ್ಲಿ ಮೆಣಸಿನಕಾಯಿ ಭಜಿ ಕರಿಯುತ್ತಿದ್ದಳು. "ಎಣ್ಣಿ ಸೀರ್ಯಾಗ ಹೊರಗ ಬರಬ್ಯಾಡಕ್ಕಾ, ನಾನ ಒಯ್ಯತೇನಿ" ಎಂದು ಹೇಳಿ, ನಡುವಿನ ಬಾಗಿಲ ಪರದೆಯನ್ನು ಸರಿಯಾಗಿ ಎಳೆದು ಬಂದಿದ್ದೆ.

ಆ ತಾಯಿ ನೀರು ಕುಡಿದು ಸುತ್ತ ಕಣ್ಣು ಹಾಯಿಸಿದರು.

"ಯವ್ವಾ, ಪರದಾ ಉಲ್ಟಾ ಹಾಕೀರಲ್ರಿ. ಹೊಲಿಗಿ ಹೊರಗ ಕಾಣಾಕತ್ತೈತಿ."

"ಅಯ್ಯ, ಗಡಿಬಿಡಿಯೊಳಗ ಹಾಕಿದ್ದರೀ" ಅಂದೆ.

ಅಷ್ಟಕ್ಕೆ ಬಿಡಲಿಲ್ಲ. ಎದ್ದು ಹೋಗಿ ಪರದೆಯ ಅಂಚು ಮಗುಚಿ ನೋಡಿದರು. ಮರೂನ್ ಬಣ್ಣವೂ ಬಂಗಾರದ ಎಲೆಯೂ ಕಂಡವು.

"ಇಂಥಾದ್ದ ನಾ ನೋಡೀನಲ್ಲ! ಮುರಿಗೆಪ್ಪಾ, ಹೋದ ಸಲ ಇದ ಲೈನಿನ್ಯಾಗ ಮೂರನೇ ಮನಿಗೆ ಬಂದಿದ್ವಿ ನೋಡು, ಅಲ್ಲೂ ಇದ ಪರದಾ ಇತ್ತಲ್ಲ?"

ಮುರಿಗೆಪ್ಪ ಕಾಕಾ ಫ್ಯಾನು ನೋಡತೊಡಗಿದ. ನಾನು ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ನನ್ನ ಬಾಯಿ ಕೇಳಬೇಕಲ್ಲ.

"ಹೌದ್ರೀ, ಒಂದ ಅಂಗಡಿಯೊಳಗ ತಗೊಂಡೀವಿ. ಅವರೂ ಅಲ್ಲೇ, ನಾವೂ ಅಲ್ಲೇ."

ಅವರು "ಹಂಗೇನ್ರಿ" ಅಂದು ಬಂದು ಕೂತರು. ಬೆನ್ನಿಗೆ ಇಟ್ಟುಕೊಳ್ಳಲು ಕುಶನ್ನು ಎತ್ತಿದರು. ಐದು ಕುಶನ್ನಿನಲ್ಲಿ ಅವರ ಕೈಗೆ ಸಿಕ್ಕಿದ್ದು ಅದೇ. ಮಗುಚಿ ನೋಡಿದರು. ಕಲೆ ನೋಡಿದರು. ನನ್ನ ಮುಖ ನೋಡಿದರು.

"ಈ ಚಹಾದ ಕಲೆನೂ ಅದ ಅಂಗಡಿಯೊಳಗ ತಗೊಂಡ್ರೇನ್ರಿ? ಇದು ನಾ ಚೆಲ್ಲಿದ್ದು!"

ನಮ್ಮ ಯಜಮಾನರು ತಲೆ ತಗ್ಗಿಸಿದರು. ಹುಡುಗ ಸುಮ್ಮನೆ ಕೆಮ್ಮಿದ. ಆ ತಾಯಿ ಕುಶನ್ನು ಪಕ್ಕಕ್ಕಿಟ್ಟು ಸೆರಗು ಸರಿಮಾಡಿಕೊಂಡರು.

"ಪರದಾದ ಸಲುವಾಗಿ ಸುಳ್ಳ ಹೇಳವರು ನಾಳೆ ಹುಡಿಗಿ ಸಲುವಾಗಿ ಏನೇನ ಹೇಳ್ತಾರೋ ಯಾರಿಗೆ ಗೊತ್ತು. ಏಳ್ರಿ, ಹೋಗೂಣು."

ಅಡುಗೆಮನೆಯಲ್ಲಿ ಭಜಿ ಕರಿಯುವ ಸದ್ದು ನಿಂತಿತ್ತು. ಆ ದನಿ ಅಲ್ಲಿಗೆ ಕೇಳದೆ ಇರುವುದು ಸಾಧ್ಯವೇ ಇರಲಿಲ್ಲ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ಸಂಬಂಧ ತಪ್ಪಿತಲ್ಲ ಎಂಬ ಚಿಂತೆ ನನಗೆ ಆಗಲೇ ಇಲ್ಲ. ಕಸ್ತೂರಕ್ಕನಿಗೆ ಎಲ್ಲ ತಿಳಿದುಹೋಯಿತು, ಇನ್ನು ಅವಳ ಮುಖ ಹೇಗೆ ನೋಡಲಿ ಎಂಬುದೊಂದೇ ತಲೆಯಲ್ಲಿತ್ತು. ಹಿಂಬಾಗಿಲಿನಿಂದ ಅವಳು ಹೊರಟುಹೋಗಲಿ ಎಂದು ಒಂದು ಕ್ಷಣ ಬೇಡಿಕೊಂಡೆ ಕೂಡ.

ಅವಳು ಹೋಗಲಿಲ್ಲ. ನಡುವಿನ ಪರದೆ ಸರಿಸಿಕೊಂಡು, ಎಣ್ಣೆ ಕಲೆಯ ಸೀರೆಯಲ್ಲೇ, ಭಜಿಯ ತಟ್ಟೆ ಹಿಡಿದು ಹೊರಗೆ ಬಂದಳು. ಹುಡುಗನ ತಾಯಿ ಅರ್ಧ ಎದ್ದವರು ಅವಳನ್ನು ನೋಡಿ ಹಾಗೇ ನಿಂತರು.

"ಕೂಡ್ರಿ ಯವ್ವಾ, ಬಿಸಿ ಭಜಿ ಬಿಟ್ಟ ಎದ್ದರ ಹೆಂಗ" ಅಂದಳು ಕಸ್ತೂರಕ್ಕ. ದನಿಯಲ್ಲಿ ಒಂದು ಚೂರೂ ಏರಿಳಿತವಿರಲಿಲ್ಲ. "ಈ ಪರದಾ ನಂದೂ ಅಲ್ಲ, ಈಕಿದೂ ಅಲ್ಲ. ಲೈನಿಂದು. ಎಂಟೂ ಮನಿಯವರು ಕೂಡಿ ತಗೊಂಡೀವಿ. ನಾನು, ಸುಮಿತ್ರಾ ಇಬ್ಬರೂ ಹುಬ್ಬಳ್ಳಿಗೆ ಹೋಗಿ ಜಗಳ ಮಾಡಿ ಆರಿಸೇವಿ. ಹೆಣ್ಮಕ್ಕಳು ಎಲ್ಲಾರ ಮನ್ಯಾಗೂ ಅದಾವು. ಎಂಟ ಸೆಟ್ ಎಲ್ಲಿಂದ ತರೂಣು?"

ಭಜಿಯ ತಟ್ಟೆಯನ್ನು ಅವರ ಮುಂದಿಟ್ಟಳು. ಆಮೇಲೆ ಮುಂದುವರಿಸಿದಳು.

"ಈಕಿ ಸುಳ್ಳ ಹೇಳಿದ್ದು ನಿಮಗಲ್ರೀ, ನನಗ. ನನ್ನ ಮನಸ್ಸಿಗೆ ನೋವಾಗಬಾರದಂತ ಹೇಳ್ಯಾಳ. ಅದು ನಮ್ಮಿಬ್ಬರದು, ನಾವ ನೋಡ್ಕೋತೇವಿ. ವಿದ್ಯಾನ್ನ ಮಾತ್ರ ನಾ ಹುಟ್ಟಿದಾಗಿಂದ ಎತ್ತಿ ಆಡಿಸೀನಿ. ಆಕಿ ಸಲುವಾಗಿ ನೀವು ಏನ ಕೇಳ್ತೀರಿ ನನ್ನನ್ನ ಕೇಳ್ರಿ. ನನ್ನ ಮಗಳನ್ನ ಬ್ಯಾಡ ಅಂದವರ ಮುಂದ ನಿಂತು ನಾ ಸುಳ್ಳ ಯಾಕ ಹೇಳಲಿ?"

ಆ ತಾಯಿ ನಿಧಾನವಾಗಿ ಕೂತರು. ಆ ದೊಡ್ಡ ದನಿ ಎಲ್ಲಿ ಹೋಯಿತೋ.

"ನಿಮ್ಮ ಹುಡಿಗೀದು ಏನೂ ತಪ್ಪಿಲ್ರೀ ಕಸ್ತೂರಬಾಯಾರ. ಎತ್ತರದ್ದ ಒಂದ ಮಾತು ಬಂತು" ಅಂದರು.

"ಎತ್ತರ ದೇವರ ಕೊಟ್ಟದ್ದರೀ. ಅದನ್ನ ಪರದಾದಂಗ ಉಲ್ಟಾ ಹಾಕಾಕ ಬರೂದಿಲ್ಲಲ್ಲ" ಅಂದು ಕಸ್ತೂರಕ್ಕ ನನ್ನ ಕಡೆ ಒಮ್ಮೆ ನೋಡಿದಳು.

ಮೊದಲು ನಕ್ಕವನು ಹುಡುಗ. ಆಮೇಲೆ ಅವನ ತಾಯಿ ನಕ್ಕರು. ಹೊಟ್ಟೆ ಕುಲುಕಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಸ್ತೂರಕ್ಕನ ಕೈ ಹಿಡಿದೆಳೆದು ತಮ್ಮ ಪಕ್ಕದಲ್ಲಿ ಕೂಡಿಸಿಕೊಂಡರು. ತಮ್ಮ ಊರಿನಲ್ಲೂ ಒಂದು ದೊಡ್ಡ ಜಮಖಾನೆ ಓಣಿಯ ಎಲ್ಲರ ಕಾರ್ಯಕ್ಕೂ ತಿರುಗುತ್ತಿತ್ತೆಂದೂ, ತಮ್ಮನ್ನು ನೋಡಲು ಬಂದಾಗಲೂ ಅದನ್ನೇ ಹಾಸಿದ್ದರೆಂದೂ ಹೇಳಿದರು. ವಿದ್ಯಾ ಬಂದು ನಮಸ್ಕಾರ ಮಾಡಿದಳು. ಅವಳ ಬಗ್ಗೆ ಆ ತಾಯಿ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದ್ದು ಕಸ್ತೂರಕ್ಕ. ನಾನು ಭಜಿಯ ತಟ್ಟೆ ಹಿಡಿದು ಎಲ್ಲರಿಗೂ ಕೊಡುತ್ತಾ ನಿಂತೆ.

ಅವರು ಹೋದ ಮೇಲೆ ಸಂಜೆ ನಾನೂ ಅವಳೂ ಪರದೆ ಇಳಿಸಿ ಮಡಚಿದೆವು. ಉದ್ದನೆಯ ಪರದೆ, ಮಡಚಲು ಇಬ್ಬರು ಬೇಕು. ಆ ತುದಿ ಅವಳು, ಈ ತುದಿ ನಾನು. ಬೈದರೆ ಬೈಯಲಿ ಎಂದು ಕಾಯುತ್ತಿದ್ದೆ. ಎರಡು ಪರದೆ ಮುಗಿದವು. ಮೂರನೆಯದನ್ನು ಹಿಡಿದುಕೊಂಡು ನಿಂತಾಗ ಹೇಳಿದಳು.

"ಅವರು ಬ್ಯಾಡ ಅಂದಾಗ ನನಗ ಇಷ್ಟ ಸಂಕಟ ಆಗಿರಲಿಲ್ಲ ಸುಮಿತ್ರಾ. ಮಂದಿ ಅವರು. ನೀ ಬಂದು ಹೇಳಿದ್ದರ ವಿದ್ಯಾಗ ಸೀರಿ ನಾನ ಉಡಸತಿದ್ದೆ."

ನನಗೆ ಅಳು ಬಂತು. ತಪ್ಪಾಯಿತು ಎಂಬ ಮಾತು ನಾಲಿಗೆ ತುದಿಗೆ ಬಂತು, ಹೊರಗೆ ಬರಲಿಲ್ಲ. ಅವಳು ತನ್ನ ತುದಿಯನ್ನು ತಂದು ನನ್ನ ಕೈಗೆ ಕೂಡಿಸಿ ಮನೆಗೆ ಹೋದಳು.

ಸಂಬಂಧ ಕೂಡಿತು. ಏಪ್ರಿಲ್‌ನಲ್ಲಿ ಹಳಿಯಾಳದಲ್ಲಿ ಮದುವೆಯಾಯಿತು. ಕಸ್ತೂರಕ್ಕ ಬಂದಳು, ಅಕ್ಕಿ ಹಸನು ಮಾಡಿದಳು, ಉಂಡಿ ಕಟ್ಟಿದಳು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಆದರೆ ಮೊದಲಿನ ಹಾಗೆ ಬಾಗಿಲಿಗೆ ಬಂದು ಕೂರುವುದು ಕಡಿಮೆಯಾಯಿತು. ನಾನು ಹೋದರೆ ಚಹಾ ಕೊಡುತ್ತಿದ್ದಳು, ಮಾತಾಡುತ್ತಿದ್ದಳು. ನಡುವೆ ಏನೋ ಒಂದು ಉಳಿದೇ ಇತ್ತು.

ಆ ವರ್ಷದ ದೀಪಾವಳಿ ಕಳೆದ ಮೇಲೆ ಶೋಭಾಳನ್ನು ನೋಡಲು ಮುಂಡಗೋಡದಿಂದ ಬರುತ್ತಾರೆ ಎಂದು ಲೈನಿನಲ್ಲಿ ಸುದ್ದಿಯಾಯಿತು. ಕಸ್ತೂರಕ್ಕ ಸೆಟ್ಟಿಗಾಗಿ ಬರುತ್ತಾಳೆಂದು ನಾನು ಕಾದೆ. ಹಿಂದಿನ ದಿನದ ಸಂಜೆಯಾದರೂ ಬರಲಿಲ್ಲ. ಇನ್ನು ಇವಳು ನನ್ನ ಹತ್ತಿರ ಏನನ್ನೂ ಕೇಳುವುದಿಲ್ಲ ಎಂದುಕೊಂಡೆ. ಬೆಳಗ್ಗೆ ನಾನೇ ಪರದೆ, ಹೊದಿಕೆ ಎಲ್ಲವನ್ನೂ ಎತ್ತಿಕೊಂಡು ಹೋದೆ. ಕುಶನ್ನಿಗೆ ಹೊಸ ಗವಸು ಹೊಲಿಸಿದ್ದೆ. ಅವಳು ಕಿಟಕಿಗೆ ತನ್ನ ಒಗೆದ ಹಳೆಯ ಸೀರೆಗಳನ್ನೇ ಕಟ್ಟುತ್ತಿದ್ದಳು.

"ಅಕ್ಕಾ, ತಂದೀನಿ" ಅಂದೆ.

"ಬ್ಯಾಡವಾ. ಈ ಸಲ ನಮ್ಮ ಮನಿ ಹೆಂಗೈತಿ ಹಂಗ ನೋಡ್ಲಿ."

ಗಂಟನ್ನು ಹಿಡಿದುಕೊಂಡು ತಿರುಗಿದೆ. ಕಣ್ಣು ಮಂಜಾಗಿ ಹೊಸ್ತಿಲೇ ಕಾಣಲಿಲ್ಲ. ಹಿಂದಿನಿಂದ ಅವಳ ದನಿ ಬಂತು.

"ಎಲ್ಲಿ ಹೊಂಟಿ? ಅದನ್ನ ಇಟ್ಟು, ಚಲೋ ಸೀರಿ ಉಟ್ಟುಕೊಂಡ ಬಾ."

"ಒಳಗ ಕೆಲಸ ಮಾಡಾಕ ಚಲೋ ಸೀರಿ ಯಾಕಕ್ಕಾ, ಇದ ಸಾಕು."

"ಒಳಗ ಯಾಕ? ಹಾಲ್‌ನ್ಯಾಗ ನನ್ನ ಬಾಜೂಕ ಕೂಡ್ರಬೇಕು ನೀ. ಹುಡಿಗಿ ಚಿಗವ್ವ ಅಂತ ಹೇಳೀನಿ ಅವರಿಗೆ."

ಅವತ್ತು ಮಧ್ಯಾಹ್ನ ಕಸ್ತೂರಕ್ಕನ ಹಾಲ್‌ನಲ್ಲಿ, ಮುಂಡಗೋಡದಿಂದ ಬಂದವರ ಎದುರಿಗೆ, ಅವಳ ಪಕ್ಕದ ಕುರ್ಚಿಯಲ್ಲಿ ನಾನು ಕೂತಿದ್ದೆ. ನಾನು ಅವಳನ್ನು ಅಡುಗೆಮನೆಯಲ್ಲಿ ಅಡಗಿಸಿ ಇಟ್ಟಿದ್ದೆ. ಅವಳು ನನ್ನನ್ನು ತನ್ನ ತಂಗಿ ಎಂದು ಹೇಳಿ ಎಲ್ಲರ ಮುಂದೆ ಕೂಡಿಸಿದಳು. ಹುಡುಗ ಶೋಭಾಳಿಗಿಂತ ಮೂರು ಬೆರಳು ಎತ್ತರವಿದ್ದ. ಅಲ್ಲೇ ಕೂತಲ್ಲೇ ಮಾತು ಮುಗಿಯಿತು.

ಈಗ ಆ ಲೈನಿನಲ್ಲಿ ನಮ್ಮ ಕಾಲದವರು ಯಾರೂ ಇಲ್ಲ. ಯಜಮಾನರು ನಿವೃತ್ತರಾದ ಮೇಲೆ ಹಳಿಯಾಳ ರಸ್ತೆಯಲ್ಲಿ ನಮ್ಮದೇ ಮನೆ ಕಟ್ಟಿಸಿದೆವು. ಹೋದ ವರ್ಷ ಅದಕ್ಕೆ ಪರದೆ ಕೊಳ್ಳಲು ವಿದ್ಯಾಳ ಜೊತೆ ಹುಬ್ಬಳ್ಳಿಗೆ ಹೋಗಿದ್ದೆ. ಅಂಗಡಿಯವನು ನಮ್ಮ ಹಾಲ್‌ನ ಫೋಟೋ ಕೇಳಿ, ಮೊಬೈಲಿನಲ್ಲೇ ಒಂದೊಂದು ಪರದೆ ತೊಡಿಸಿ ತೋರಿಸಿದ. ಹತ್ತು ನಿಮಿಷದಲ್ಲಿ ಆರಿಸಿ ಮುಗಿಯಿತು. ನನಗೆ ಬೇಕಾದ ಕ್ರೀಮ್ ಬಣ್ಣವನ್ನೇ ತೆಗೆದುಕೊಂಡೆ. ಯಾರೂ ಬೇಡ ಅನ್ನಲಿಲ್ಲ, ಯಾರೂ ಜಗಳ ಮಾಡಲಿಲ್ಲ. ಮನೆಗೆ ಬಂದವರೆಲ್ಲ ಚೆಂದ ಇದೆ ಅನ್ನುತ್ತಾರೆ. ನನಗೆ ಮಾತ್ರ ಆ ಮರೂನ್ ಪರದೆ ತೂಗುತ್ತಿದ್ದ ಪುಟ್ಟ ಹಾಲ್ ನೆನಪಾಗುತ್ತದೆ.

ಕಸ್ತೂರಕ್ಕ ಈಗ ಧಾರವಾಡದ ಹತ್ತಿರದ ತನ್ನ ಊರಿನಲ್ಲಿದ್ದಾಳೆ. ಎಂಟು ದಿನಕ್ಕೊಮ್ಮೆ ಫೋನು ಮಾಡುತ್ತೇವೆ. ಮಂಡಿನೋವು, ಮೊಮ್ಮಕ್ಕಳು, ಮಳೆ ಎಲ್ಲವನ್ನೂ ಮಾತಾಡುತ್ತೇವೆ. ಆ ಐತವಾರದ ಮಾತನ್ನು ಅವಳು ಎತ್ತಿಲ್ಲ, ನಾನೂ ಎತ್ತಿಲ್ಲ. ಇಷ್ಟು ವರ್ಷ ಬಾಯಲ್ಲಿ ಬಾರದ್ದು ಬರೆಯುವಾಗಲಾದರೂ ಬರಲಿ ಎಂದು ಈಗ ಕೂತು ಬರೆದಿದ್ದೇನೆ. ಅವಳು ಓದುತ್ತಾಳೆ, ನನಗೆ ಗೊತ್ತು.

ಕಸ್ತೂರಕ್ಕಾ, ಅವತ್ತ ನಾನ ಬಂದು ನಿನಗ ಹೇಳಬೇಕಾಗಿತ್ತು. ತಪ್ಪಾತವಾ.